ಬುಡಾಪೆಸ್ಟಿನಲ್ಲಿ ರೊಟ್ಟಿಯ ಮಾತು

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಂಧುಬಳಗದಲ್ಲಿ ಯಾರೂ ಇಲ್ಲ. ಧಾರವಾಡದಲ್ಲಿದ್ದಾಗ ಯಾರ ಮನೆಗೆ ಬೇಕಾದರೂ ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗಿ ಚಹಾ ಕುಡಿದು ಬರುತ್ತಿದ್ದೆ. ಹಾಲೆಂಡಿನ ಆಲ್ಮೆರೆಯಲ್ಲಿ ನೆಲೆಸಿದ ಮೇಲೆ ಈ ಯೋಜನೆಯ ಚಾಳಿ ಅಂಟಿತು. ಇಲ್ಲಿ ಪಕ್ಕದ ಮನೆಯವರ ಜೊತೆ ಒಂದು ಕಪ್ ಕಾಫಿ ಕುಡಿಯಬೇಕಾದರೂ ವಾರಗಟ್ಟಲೆ ಮೊದಲೇ ದಿನ ಗೊತ್ತುಮಾಡಬೇಕು. ನಾನೀಗ ಹೆಂಡತಿಯ ಜೊತೆ ಜಗಳವಾಡಬೇಕಾದರೂ ಬಿಡುವಿದೆಯೇ ಎಂದು ಮೊಬೈಲಿನಲ್ಲಿ ನೋಡುತ್ತೇನೆ.

ಹೀಗಾಗಿ, ಕಳೆದ ಬೇಸಿಗೆಯಲ್ಲಿ ನಾನೂ ಹೆಂಡತಿಯೂ ಅತ್ತೆಯವರನ್ನು ಕರೆದುಕೊಂಡು ಊರಿನಿಂದ ಮರಳುವಾಗ ಬುಡಾಪೆಸ್ಟಿನಲ್ಲಿ ಒಂದು ಹಗಲು ಮುಂದಿನ ವಿಮಾನಕ್ಕೆ ಕಾಯಬೇಕೆಂದು ಗೊತ್ತಾದೊಡನೆ ಯೋಜನೆಗೆ ಕೂತೆ. ಡಾನ್ಯೂಬ್ ದಂಡೆಯ ಆ ಭವ್ಯ ಪಾರ್ಲಿಮೆಂಟ್ ಕಟ್ಟಡವನ್ನು ನೋಡಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ. ಅದೂ ಹಡಗಿನಿಂದಲೇ, ದಂಡೆಯಲ್ಲಿ ನಿಂತು ಅರೆಬರೆ ನೋಡಬಾರದು, ಮೊದಲ ದರ್ಶನ ನೀರಿನ ಮೇಲಿಂದಲೇ ಆಗಬೇಕು. ಟಿಕೆಟ್ಟು ತೆಗೆಸಿ ಹೆಂಡತಿಯ ಫೋನಿಗೆ ಕಳಿಸಿದೆ. ವಿಮಾನ ಇಳಿಯುವ ಮೊದಲೇ ಕಟ್ಟಪ್ಪಣೆಯನ್ನೂ ಹೊರಡಿಸಿದೆ: "ದಾರ್‍ಯಾಗ ನಮ್ಮವರು ಯಾರರ ಸಿಕ್ರ ಮಾತಿಗೆ ನಿಂದ್ರಬ್ಯಾಡ್ರಿ. ಯಾವೂರು, ಯಾರ ಪೈಕಿ ಅಂತ ಸುರು ಆತಂದ್ರ ಮುಗೀತು, ಹಡಗ ಹೋಗ್ತದ."

ಇದು ಅತ್ತೆಯವರಿಗೆ ಹೇಳಿದ್ದು. ಅವರು ದುಬೈ ನಿಲ್ದಾಣದ ಸಾಲಿನಲ್ಲೇ ಗೋಕಾಕದ ಹೆಂಗಸೊಬ್ಬರನ್ನು ಹಿಡಿದು, ಅವರ ಸೊಸೆ ತಮ್ಮ ತಂಗಿಯ ನಾದಿನಿಯ ಮಗಳೆಂದು ಸಾಬೀತು ಮಾಡಿದ್ದರು. "ಆತ್ರೀ, ನಾ ಬಾಯೇ ತಗಿಯೂದಿಲ್ಲ" ಎಂದರು ಪಾಪ.

ಮೆಟ್ರೋ ಇಳಿದು, ಕಟ್ಟಡ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿಕೊಂಡೇ ನದಿಯ ದಂಡೆಗೆ ಬಂದೆ. ಅಲ್ಲಿ ಬೆಂಚಿನ ಮೇಲೆ ಕೂತ ಒಬ್ಬರು ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು: "ಇಂಡಕ್ಷನ್ ಒಲಿ ಮ್ಯಾಲೆ ಜ್ವಾಳದ ರೊಟ್ಟಿ ಉಬ್ಬೂದಿಲ್ಲಂತ ಯಾರು ಹೇಳಿದ್ರು ನಿನಗ? ನಮ್ಮನ್ಯಾಗ ಉಬ್ಬತಾವ!"

ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವನು ನಾನು. ಆಲ್ಮೆರೆಗೆ ಬಂದಾಗಿನಿಂದ ಒಂದೂ ಉಬ್ಬಿಲ್ಲ. ಹಂಚು ಬದಲಿಸಿದೆ, ಹಿಟ್ಟು ಬದಲಿಸಿದೆ. ಹೊಗೆಯ ಅಲಾರಂ ಕೂಗಿದ್ದಷ್ಟೇ ಬಂತು.

"ನೀವಿಬ್ರೂ ಸಾಲಿನ್ಯಾಗ ನಿಂದರ್ರಿ, ಒಂದ ನಿಮಿಷದಾಗ ಬಂದೆ" ಎಂದು ಹೆಂಡತಿಗೂ ಅತ್ತೆಗೂ ಹೇಳಿ ಬೆಂಚಿನ ತುದಿಗೆ ಕೂತೆ.

ಅವರ ಹೆಸರು ಬಸವರಾಜ, ಊರು ಗದಗ. ಇರುವುದು ಆಲ್ಮೆರೆಯಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ! ಇಷ್ಟು ವರ್ಷ ಒಂದೇ ರೈಲಿನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಓಡಾಡಿದ್ದೇವೆ, ಇಬ್ಬರೂ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು. "ಹಿಟ್ಟಿಗೆ ಕುದಿಯೂ ನೀರ ಹಾಕ್ರಿ. ಹೊಳ್ಳಿಸಿ ಹಾಕಿದ ಮ್ಯಾಲೆ ಅರಿವಿ ತುಂಡ ತಗೊಂಡು ಅಂಚು ಒತ್ತಬೇಕ್ರಿ, ಹಿಂಗ" ಎಂದು ನನ್ನ ತೊಡೆಯ ಮೇಲಿದ್ದ ಚೀಲವನ್ನೇ ರೊಟ್ಟಿ ಮಾಡಿಕೊಂಡು ತೋರಿಸಿದರು. ರೊಟ್ಟಿಯಿಂದ ಶೇಂಗಾ ಚಟ್ನಿಗೆ ಬಂದೆವು, ಚಟ್ನಿಯಿಂದ ಅವರ ಸೋದರಮಾವನಿಗೆ, ಮಾವನಿಂದ ನನ್ನ ಕಾಲೇಜಿಗೆ. ಅಷ್ಟು ದಿನ ಒಳಗೇ ಕಟ್ಟಿಟ್ಟಿದ್ದ ಮಾತೆಲ್ಲ ಹೊರಗೆ ಬಂತು. ಹಡಗು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಹೆಂಡತಿ ಮುಂದೆ ಬಂದು ನಿಂತು "ಏಳ್ರಿ, ವಿಮಾನಕ್ಕ ಹೊತ್ತಾತು" ಎಂದಾಗಲೇ ಎಚ್ಚರ. ಅತ್ತೆಯವರ ಮುಖ ಗಾಳಿಗೆ ಕೆಂಪಾಗಿ ಅರಳಿತ್ತು.

ಆಮ್‌ಸ್ಟರ್‌ಡ್ಯಾಮಿನ ವಿಮಾನದಲ್ಲಿ ಹೆಂಡತಿ ಫೋಟೋ ತೋರಿಸಿದಳು. ಸೇತುವೆಗಳು, ಗುಡ್ಡದ ಮೇಲಿನ ಅರಮನೆ, ಆಮೇಲೆ ಬಿಸಿಲಿಗೆ ಹೊಳೆಯುವ ಆ ಪಾರ್ಲಿಮೆಂಟು. ನನಗೆ ಹೊಟ್ಟೆ ಉರಿದುಹೋಯಿತು. ಅದರ ಕೆಳಗೇ ದಂಡೆಯ ಬೆಂಚಿನಲ್ಲಿ ಇಬ್ಬರು ಗಂಡಸರು. ಒಬ್ಬ ಇನ್ನೊಬ್ಬನ ತೊಡೆಯ ಮೇಲಿನ ಚೀಲವನ್ನು ಬಡಿಯುತ್ತಿದ್ದಾನೆ.

"ನಾನೂ ಅವ್ವಾನೂ ಕೈ ಬೀಸಿ ಬೀಸಿ ಸಾಕಾತು" ಎಂದಳು ಹೆಂಡತಿ. "ಹಡಗಿನ ಮಂದಿ ಎಲ್ಲಾ ಬೀಸಿದ್ರು. ನೀವು ಕತ್ತ ಎತ್ತಲಿಲ್ಲ."

"ಇರಲಿ ಬಿಡ ತಂಗಿ, ಭಾಳ ದಿನಕ್ಕ ನಮ್ಮವರು ಸಿಕ್ಕಾರ" ಎಂದು ಮಗಳಿಗೆ ಹೇಳಿದರು ಅತ್ತೆ. ಆ ಅನುಕಂಪ ತಡೆಯಲಾಗಲಿಲ್ಲ.

ನನ್ನನ್ನು ನಾನೇ ಚೆನ್ನಾಗಿ ಬೈದುಕೊಳ್ಳೋಣವೆಂದು ಚಿತ್ರವನ್ನು ಹಿಗ್ಗಿಸಿದೆ. ಕನಸಿನ ಕಟ್ಟಡಕ್ಕೆ ಬೆನ್ನು ಹಾಕಿ ಕೂತ ಆ ಮನುಷ್ಯ ಬಾಯಿ ತುಂಬ ನಗುತ್ತಿದ್ದ. ಆಲ್ಮೆರೆಯಲ್ಲಿ ತೆಗೆದ ಯಾವ ಫೋಟೋದಲ್ಲೂ ನಾನು ಹಾಗೆ ನಕ್ಕಿಲ್ಲ.