ಅಸ್ಥಿಪಂಜರವನ್ನು ಓಡಿಸಲು ಹೋಗಿ

ಯಾರನ್ನೂ ನಗಿಸಬೇಕೆಂದು ನಾನು ಹೊರಟವನಲ್ಲ. ಆದರೂ ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಸೀಮೆಸುಣ್ಣ ಹಿಡಿದ ದಿನದಿಂದ ಮಂದಿ ನಗುವಂಥ ಪ್ರಸಂಗಗಳು ನಡೆಯುತ್ತಲೇ ಬಂದವು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟಿಗೂ ಸುಸ್ತಾಯಿತು.

ಎಪ್ಪತ್ತರ ದಶಕದ ಮಾತು. ‘ನಮ್ಮ ದೇಹ’ ಪಾಠದಲ್ಲಿ ಅಸ್ಥಿಪಂಜರದ ಚಿತ್ರ ಬಂದರೆ ಮಕ್ಕಳು ಹೆದರುತ್ತವೆ, ಬೋರ್ಡಿನ ಮೇಲೆ ಅದನ್ನು ತಮಾಷೆಯಾಗಿ ಓಡುವ ಹಾಗೆ ಬಿಡಿಸಿದರೆ ನಗುತ್ತಾ ಕಲಿಯುತ್ತವೆ ಎಂದು ಇಲಾಖೆಯ ಮೇಲಿನವರಿಗೆ ಹೊಳೆಯಿತು. ಪ್ರೈಮರಿ ಶಾಲೆಯ ಶಿಕ್ಷಕರಿಗೆ ಅದನ್ನು ಕಲಿಸುವ ಕೆಲಸ ನನ್ನ ತಲೆಗೆ ಬಂತು. ಸಿರುಗುಪ್ಪದಲ್ಲಿ ಒಂದು ವಾರ, ಕುರುಗೋಡಿನಲ್ಲಿ ಒಂದು ವಾರ. ಕೊನೆಗೆ ಸರ್ಟಿಫಿಕೇಟಿಗೆ ನನ್ನ ಸಹಿ. ನನ್ನ ನಿಯಮ ಒಂದೇ: ಅಸ್ಥಿಪಂಜರ ಓಡದಿದ್ದರೆ ಸಹಿ ಇಲ್ಲ.

ಬ್ಯಾನರ್

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಅದಕ್ಕೇ ಕನ್ನಡ ಬರೆಯುವಾಗ ನಿಘಂಟು ತೆಗೆದು ಎರಡು ಸಲ ನೋಡುವ ಚಟ. ಹಾಗೆ ನೋಡಿ, ‘ಚಲಿಸುವ ಅಸ್ಥಿಪಂಜರ: ಶಿಕ್ಷಕರ ಶಿಬಿರ’ ಎಂದು ಚೀಟಿ ಬರೆದು ಬ್ರೂಸ್‌ಪೇಟೆಯ ಪೇಂಟರ್ ಕೈಗೆ ಕೊಟ್ಟೆ. ಅವನು ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದದ್ದು ‘ಚಲಿಸುವ ಆಸ್ತಿ ಪಂಜರ: ಶಿಬಿರ’. ‘ಶಿಕ್ಷಕರ’ ಎಂಬುದಕ್ಕೆ ಜಾಗವೇ ಉಳಿದಿರಲಿಲ್ಲ.

“ಏನಯ್ಯಾ ಇದು?” ಎಂದೆ.

“ಅಸ್ಥಿ ಅಂದ್ರ ಸುಡುಗಾಡು ನೆಪ್ಪಾಕ್ಕೈತ್ರಿ ಸರ್. ಆಸ್ತಿ ಅಂದ್ರ ನಾಕ್ ಮಂದಿ ಬರ್ತಾರ.”

ತಿದ್ದಿಸಲು ಹೊತ್ತಿರಲಿಲ್ಲ, ಅದನ್ನೇ ಕಟ್ಟಿದೆವು. ಅವನ ಮಾತು ನಿಜವಾಯಿತು. ಮೊದಲ ದಿನ ಸಿರುಗುಪ್ಪದಲ್ಲಿ ಹಚ್ಚೊಳ್ಳಿಯ ರೈತನೊಬ್ಬ ಬಗಲಲ್ಲಿ ಕಾಗದಪತ್ರದ ಗಂಟು ಇಟ್ಟುಕೊಂಡು ಮುಂದಿನ ಬೆಂಚಿನಲ್ಲೇ ಕೂತಿದ್ದ.

“ಚಲಿಸೋ ಆಸ್ತಿ ಅಂದ್ರ ಎತ್ತು, ಬಂಡಿ ಅಲ್ಲೇನ್ರಿ?” ಎಂದು ಕೇಳಿದ. “ನಮ್ದು ಹೊಲದ್ದೈತಿ. ಅದು ಯಾವತ್ತು?”

ದೇಹ, ಮೂಳೆ, ಕೀಲು ಎಂದು ಹತ್ತು ನಿಮಿಷ ವಿವರಿಸಿದೆ. ಅವನು ಸಮಾಧಾನವಾಗಿ ಕೇಳಿ ಗಂಟು ಎತ್ತಿಕೊಂಡ.

“ಎಲುಬು ಅನ್ರಿ ಮತ್ತ. ನಮ್ಮ ಅಣ್ಣತಮ್ಮರ ಪಾಲಿನ್ಯಾಗೂ ಕಡೀಕ ಉಳಿಯೋದು ಅದಾ.”

ಬರೆದದ್ದು

ಆ ಶಿಬಿರದಲ್ಲಿ ಕುರುಗೋಡು ಕಡೆಯ ವಯಸ್ಸಾದ ಮಾಸ್ತರರೊಬ್ಬರಿದ್ದರು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವರ ಶಾಲೆಯ ಹೆಡ್‌ಮಾಸ್ತರ ಕುರ್ಚಿ ಖಾಲಿಯಿತ್ತು, ಈ ಸರ್ಟಿಫಿಕೇಟು ಇದ್ದರೆ ಅದು ಇವರಿಗೇ. “ನಾಕ್ ದಿನ ಆದ್ರೂ ಆ ಕುರ್ಚಿ ಮ್ಯಾಲೆ ನಾ ಕುಂದ್ರಬೇಕಂತ ನಮ್ಮ ಮನ್ಯಾಗಿನಾಕೀದು ಆಸಿ ಐತ್ರಿ,” ಎಂದು ಮೊದಲ ದಿನವೇ ಹೇಳಿದ್ದರು.

ನಾನು ಎಲ್ಲರಿಗೂ, “ನಿಮಗೆ ತಿಳಿದಂತೆ ಒಂದು ಅಸ್ಥಿಪಂಜರ ಬರೆಯಿರಿ,” ಎಂದೆ. ಎಲ್ಲರೂ ತಲೆಬುರುಡೆಗೆ ಗುಂಡಗೆ ಸುತ್ತತೊಡಗಿದರು. ಮಾಸ್ತರರು ಮಾತ್ರ ಅರ್ಧ ನಿಮಿಷದಲ್ಲಿ ಮುಗಿಸಿ ಕೈಕಟ್ಟಿ ಕೂತರು. ಹೋಗಿ ನೋಡಿದೆ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ‘ಅಸ್ಥಿಪಂಜರ’ ಎಂದು ಬರೆದಿದ್ದರು.

“ಬರೀರಿ ಅಂದ್ರೆಲ್ರಿ?” ಎಂದರು.

ತಪ್ಪು ನನ್ನದೇ. ಆದರೂ ನಿಯಮ ನಿಯಮವೇ. ಬೇರೆ ಹಾಳೆ ಕೊಟ್ಟೆ.

“ಒತ್ತಕ್ಷರ ಸರಿ ಐತಿಲ್ರಿ?” ಎಂದರು.

ನಾಯಿ

ಓಡಿಸುವ ರೀತಿ ಕಷ್ಟದ್ದಲ್ಲ. ಮೊದಲು ಬೆನ್ನುಮೂಳೆಗೆ ಒಂದೇ ಗೆರೆ, ಮುಂದಕ್ಕೆ ಬಾಗಿದ ಬಿಲ್ಲಿನ ಹಾಗೆ. ಮೇಲೆ ಬುರುಡೆ. ಬಲಗಾಲು ಮುಂದಿದ್ದರೆ ಎಡಗೈ ಮುಂದೆ. ಇದನ್ನು ದಿನಕ್ಕೆ ಮೂವತ್ತು ಸಲ ಹೇಳುತ್ತಿದ್ದೆ. ಸಂಜೆ ಬಳ್ಳಾರಿಯ ಪಾರ್ವತಿನಗರದ ಮನೆ ಸೇರಿದ ಮೇಲೂ ಬಾಯಿ ಅದನ್ನೇ ಗೊಣಗುತ್ತಿತ್ತು.

ಮೂರನೆಯ ದಿನ ಶಿಕ್ಷಕಿಯೊಬ್ಬರ ಅಸ್ಥಿಪಂಜರ ಚೆನ್ನಾಗಿಯೇ ಓಡಿತು. ಆದರೆ ಕಾಲು ಎಡಕ್ಕೆ ಓಡುತ್ತಿದ್ದರೆ ಬುರುಡೆ ಬಲಕ್ಕೆ ತಿರುಗಿತ್ತು.

“ಅಕ್ಕೋರೇ, ಇದು ಹಿಂದೆ ಯಾಕೆ ನೋಡುತ್ತಿದೆ?”

“ನಾಯಿ ಬೆನ್ನು ಹತ್ತೈತ್ರಿ ಸರ್.”

“ನಾಯಿ ಎಲ್ಲಿದೆ?”

“ಇನ್ನಾ ಬರದಿಲ್ರಿ. ಮೈಯೆಲ್ಲಾ ಎಲುಬು ಇಟ್ಕಂಡು ಬೀದ್ಯಾಗ ಓಡಿದ್ರ ನಾಯಿ ಬಿಡ್ತಾವೇನ್ರಿ?”

ಸಹಿ ಹಾಕಿದೆ.

ಐದೂವರೆ ಬಸ್ಸು

ಮಾಸ್ತರರಿಗೆ ಸಿರುಗುಪ್ಪದಲ್ಲಿ ಸಹಿ ಸಿಗಲಿಲ್ಲ. ಕುರುಗೋಡು ಶಿಬಿರಕ್ಕೆ ಮತ್ತೆ ಬಂದರು. ಇಲ್ಲಿಯೂ ಅವರ ಅಸ್ಥಿಪಂಜರ ಎರಡೂ ಕೈ ಇಳಿಬಿಟ್ಟು, ಕಾಲು ಜೋಡಿಸಿ, ನೆಟ್ಟಗೆ.

“ಮಾಸ್ತರೇ, ಇದು ಓಡುತ್ತಿಲ್ಲ. ಪ್ರಾರ್ಥನೆಗೆ ನಿಂತಿದೆ,” ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಹಾಗೆ ಅನ್ನಬಾರದಿತ್ತು ಎಂದು ಸಂಜೆ ಮನೆಗೆ ಮರಳುವ ಬಸ್ಸಿನಲ್ಲಿ ಅನ್ನಿಸಿತು.

ಮರುದಿನ, “ಪುಸ್ತಕ ನೋಡಿ ನಕಲು ಮಾಡಬೇಡಿ. ಊರಲ್ಲಿ ಯಾರು ಓಡುತ್ತಾರೋ ನೋಡಿ. ಕಣ್ಣಿಗೆ ಕಂಡದ್ದನ್ನು ಬರೆಯಿರಿ,” ಎಂದೆ. ಅವರು ತಲೆಯಾಡಿಸಿದರು.

ಕೊನೆಯ ದಿನ ಸಂಜೆ, ಕೊನೆಯವರಾಗಿ ಬೋರ್ಡಿಗೆ ಬಂದರು. ಸೀಮೆಸುಣ್ಣ ಎತ್ತಿಕೊಂಡರು. ಬೆನ್ನು ಬಿಲ್ಲಾಯಿತು. ಕತ್ತು ಕೊಕ್ಕರೆಯಂತೆ ಮುಂದೆ ಚಾಚಿತು. ಬಲಗಾಲು ಮುಂದೆ, ಎಡಗೈ ಮುಂದೆ. ಆ ಎಡಗೈಯಲ್ಲಿ ಮಡಿಚಿದ ಛತ್ರಿ. ಬುರುಡೆಯ ಮೇಲೆ ದುಂಡು ಕನ್ನಡಕ, ಅದರ ಒಂದು ಕಡ್ಡಿಗೆ ದಾರ ಸುತ್ತಿತ್ತು.

ಶಿಕ್ಷಕಿಯರು ಸೆರಗು ಬಾಯಿಗೆ ಇಟ್ಟುಕೊಂಡರು. ನನ್ನ ಕೈ ತಾನಾಗಿಯೇ ನನ್ನ ಕನ್ನಡಕದ ದಾರ ಮುಟ್ಟಿತು.

“ಇದನ್ನು ಎಲ್ಲಿ ಕಂಡಿರಿ?”

“ದಿನಾ ಸಂಜಿಕ ಐದೂವರಿ ಬಳ್ಳಾರಿ ಬಸ್ಸಿನ ಹಿಂದ್ರಿ ಸರ್. ಕಂಡದ್ದು ಬರೀರಿ ಅಂತ ನೀವಾ ಅಂದಿದ್ರಿ.”

ಬೆತ್ತದ ತುದಿಯಿಂದ ಒಂದೊಂದೇ ಕೀಲು ನೋಡಿದೆ. ಮೊಣಕೈ, ಮೊಣಕಾಲು, ಹಿಮ್ಮಡಿ. ಎಲ್ಲಿಯೂ ತಪ್ಪಿರಲಿಲ್ಲ. ಕೊನೆಗೆ, “ಅಸ್ಥಿಪಂಜರಕ್ಕೆ ಕನ್ನಡಕ, ಛತ್ರಿ ಇರುವುದಿಲ್ಲ. ಒರೆಸಿ,” ಎಂದೆ.

ಒರೆಸಿದರು. ಎರಡು ಹೆಜ್ಜೆ ಹಿಂದೆ ಸರಿದು ಬೋರ್ಡು ನೋಡಿದರು, ನನ್ನನ್ನು ನೋಡಿದರು.

“ಒರಸಿದ್ರೂ ನೀವಾ ಅದೀರಲ್ರಿ ಸರ್,” ಎಂದರು, ಬಹಳ ನೊಂದುಕೊಂಡು.

ಸಹಿ ಹಾಕಿದೆ. ಅವರು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಶಾಯಿ ಆರಲೆಂದು ಮಗುವಿನ ಹಾಲಿಗೆ ಊದುವಂತೆ ಊದಿದರು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಛತ್ರಿ ಎತ್ತಿಕೊಂಡೆ. ಕೋಣೆಯ ಕಿಟಕಿಗಳ ತುಂಬ ನನ್ನನ್ನೇ ನೋಡುವ ಶಿಕ್ಷಕರು. ಓಡಲಾದೀತೇ? ಘನತೆಯಿಂದ ನಡೆದೆ. ಬಸ್ಸೂ ಘನತೆಯಿಂದ ಹೋಗಿಬಿಟ್ಟಿತು.

ಖಾಲಿ ಸ್ಟಾಪಿನಲ್ಲಿ ನಿಂತಿದ್ದೆ. ಮನೆಗೆ ಹೊರಟ ಮಾಸ್ತರರು ಸೈಕಲ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು.

“ಇದೇನ್ರಿ ಸರ್, ಪ್ರಾರ್ಥನಿಗಿ ನಿಂತಂಗ ನಿಂತೀರಿ?”