ಮೊದಲ ಚೀಲ ಮತ್ತು ಮಾವನವರ ಹೋರಿ

ಜಂಬ ಕೊಚ್ಚಿಕೊಳ್ಳಲು ಮನುಷ್ಯನಿಗೆ ಏನಾದರೊಂದು ಬೇಕು. ಒಬ್ಬರಿಗೆ ಮಗಳ ಅಂಕಪಟ್ಟಿ, ಇನ್ನೊಬ್ಬರಿಗೆ ಐವತ್ತಾದರೂ ಬಾರದ ಸಕ್ಕರೆ ಕಾಯಿಲೆ. ನನಗೆ ನನ್ನ ಮಿಕ್ಸರ್. ಅಡುಗೆಮನೆಯದಲ್ಲ; ಉದಗೀರದ ನನ್ನ ಪಶು ಆಹಾರದ ಗಿರಣಿಯಲ್ಲಿ ಉದ್ದಕ್ಕೆ ಮಲಗಿರುವ ಕಬ್ಬಿಣದ ಕೊಳವೆ. ಮೊದಲೆಲ್ಲ ಹಿಂಡಿ, ತೊಗರಿ ಹೊಟ್ಟು, ಜೋಳದ ನುಚ್ಚು, ಉಪ್ಪನ್ನು ನೆಲದ ಮೇಲೆ ಗುಡ್ಡೆ ಹಾಕಿ ಸಲಿಕೆಯಿಂದ ತಿರುವುತ್ತಿದ್ದೆವು. ಒಂದು ಗುಡ್ಡೆ ಮುಗಿದ ಮೇಲೆ ಇನ್ನೊಂದು. ಈ ಯಂತ್ರಕ್ಕೆ ನಿಲ್ಲುವುದೇ ಗೊತ್ತಿಲ್ಲ. ಒಂದು ತುದಿಯಲ್ಲಿ ಎಲ್ಲವೂ ತಮ್ಮ ತಮ್ಮ ಪಾಲಿನಷ್ಟು ಒಂದೇ ಸಮನೆ ಉದುರುತ್ತಿರಬೇಕು. ಒಳಗೆ ತಿರುಗುವ ಅಲಗುಗಳು ಅವನ್ನು ಎತ್ತಿ, ಕೆಡವಿ, ಮುಂದಕ್ಕೆ ನೂಕುತ್ತವೆ. ಇನ್ನೊಂದು ತುದಿಯಲ್ಲಿ ಹದವಾದ ಮಿಶ್ರಣ ಬರುತ್ತಲೇ ಇರುತ್ತದೆ. ಇದನ್ನು ನಿಲಂಗಾದ ಬೀಗರ ಮನೆಯ ಊಟದ ಪಂಕ್ತಿಯಲ್ಲೂ ವಿವರಿಸಿದ್ದೇನೆ, ಉಮರ್ಗಾ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ವಿವರಿಸಿದ್ದೇನೆ. ಆ ಪುಣ್ಯಾತ್ಮರು ಉಮರ್ಗಾ ಬರುವ ಮೊದಲೇ, ತುರೋರಿಯಲ್ಲೇ ಇಳಿದುಬಿಟ್ಟರು. ಅವರ ಊರು ಅದೇ ಇರಬೇಕು.

ಯಂತ್ರದ ಪೂಜೆಗೆ ದೇವಣಿಯಿಂದ ಮಾವನವರನ್ನು ಕರೆಸಿದೆ. ಟೆಂಪೋದಲ್ಲಿ ಅವರ ಹೋರಿ ಬಸವನೂ ಬಂತು. ದನಗಳ ವಿಷಯದಲ್ಲಿ ಆ ಕಡೆ ಮಾವನವರ ಮಾತೇ ಕೊನೆ. ಬಸವ ತಿಂದರೆ ಸುತ್ತಲಿನ ದನ ಸಾಕುವವರೆಲ್ಲ ನನ್ನ ಬಾಗಿಲಿಗೆ. ಮೂತಿ ತಿರುವಿದರೆ ಬಾಗಿಲಿಗೆ ಬೀಗ. ನಮ್ಮಲ್ಲಿ ಹೊಸತು ಏನೇ ಬರಲಿ, ಮೊದಲ ಪಾಲು ದೇವರಿಗೆ, ಇಲ್ಲವೇ ಬಸವನಿಗೆ. ಅಷ್ಟರಲ್ಲಿ ಯಂತ್ರ ಕೂಡಿಸಲು ಬಂದಿದ್ದ ಎಂಜಿನಿಯರು ಅಡ್ಡ ಬಂದರು.

"ಸಾಹೇಬ್ರ, ಮೊದಲ ಬೀಳೋ ಪೈಲಾ ಮಾಲು ಹೋರಿಗ ಬ್ಯಾಡ್ರಿ. ಒಳಗ ಎಲ್ಲಾ ಕೂಡಲಿಕ್ಕ ಜರಾ ವ್ಯಾಳ್ಯಾ ಬೇಕ್ರಿ. ಅದನ್ನ ತಿರಗಿ ಒಳಗ ಹಾಕಬೇಕು."

"ಪೈಲಾ ಮಾಲು ಬಸವಗ ಕೊಡದ ಯಾರಿಗೆ ಕೊಡ್ಲಿ, ನಿಮಗ?" ಎಂದು ಎಲ್ಲರೆದುರು ಗದರಿಬಿಟ್ಟೆ.

ಯಂತ್ರ ಶುರುಮಾಡಿಸಿ, ತುಂಬಿದ ಮೊದಲ ಚೀಲವನ್ನೇ ಬಸವನ ಮುಂದೆ ಬಿಚ್ಚಿಟ್ಟೆ. ಉಪ್ಪನ್ನು ಒಳಗೆ ತಳ್ಳುವ ತಿರುಪು ಉಳಿದವಕ್ಕಿಂತ ಮೊದಲೇ ಶುರುವಾಗಿತ್ತು. ಚೀಲದ ತುಂಬ ಹೆಚ್ಚುಕಡಿಮೆ ಉಪ್ಪೇ! ಬಸವ ಬಾಯಿ ಹಾಕಿತು, ತಲೆ ಕೊಡವಿತು, ನನ್ನ ಹೊಸ ಅಂಗಿಯ ಮೇಲೆ ಜೋರಾಗಿ ಸೀನಿತು.

"ಅಳಿಯಂದ್ರ," ಎಂದರು ಮಾವನವರು, "ದನಕ್ಕ ಉಪ್ಪಿನಕಾಯಿ ಹಾಕೀರೇನು?"

ಅಂಗಳವೆಲ್ಲ ನಕ್ಕಿತು. ನನಗೋ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು. ಎಂಜಿನಿಯರು ಆ ಚೀಲವನ್ನು ಪಕ್ಕಕ್ಕಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿ ಒಳಗೆ ಬಿಡುತ್ತಾ ಬಂದರು. ಯಂತ್ರ ಒಂದೇ ಲಯಕ್ಕೆ ಬಂದ ಮೇಲೆ ಹೊರಬಿದ್ದ ಮಿಶ್ರಣವನ್ನು ಬೋಗುಣಿಯಲ್ಲಿ ಇಟ್ಟೆ. ಬಸವ ಮೂಸಿತು. ಆಮೇಲೆ ಬಾಯಿ ಹಾಕಿದ್ದು, ಬೋಗುಣಿಯ ತಳ ಫಳಫಳ ಹೊಳೆಯುವ ತನಕ ಎತ್ತಲೇ ಇಲ್ಲ.

"ಬಸವ ಪಾಸ್ ಮಾಡ್ಯಾನ," ಎಂದರು ಮಾವನವರು. "ನಾಳಿಂದ ನಮ್ಮ ದನಕ್ಕ ನಿಮ್ಮ ಮಾಲೇ ಕಳಸ್ರಿ."

ಎದೆ ಉಬ್ಬಿ ಅಂಗಿಯ ಗುಂಡಿಗೇ ಕುತ್ತು ಬಂತು. ಮನೆಗೆ ಬಂದವನೇ ನೆರೆಯವರನ್ನು ಕೂರಿಸಿಕೊಂಡು, "ಪೈಲಾ ತುತ್ತಿಗೇ ಬಸವ ಬೋಗುಣಿ ನೆಕ್ಕಿಬಿಟ್ಟಾನ ನೋಡ್ರಿ" ಎಂದು ಶುರು ಮಾಡಿದೆ.

ಪೂಜೆಗೆ ಬಂದು ಎಲ್ಲವನ್ನೂ ಕಂಡಿದ್ದ ಹೆಂಡತಿ ಮಹಾನಂದಾ ಚಹಾ ತಂದಿಟ್ಟು ಮೆಲ್ಲಗೆ, "ಪೈಲಾ ಮಾಲು ತಿರಗಿ ಒಳಗ ಹಾಕ್ರಿ. ಆಮ್ಯಾಲಿಂದು ಹೊರಗ ಬರ್ಲಿ" ಎಂದಳು.

ಚಹಾದ ಜೊತೆ ನಾನಾಡಿದ ಮಾತನ್ನೂ ನುಂಗಿ, ಮೊದಲಿನಿಂದ ಹೇಳಿದೆ. ಸೀನಿದ್ದನ್ನೂ ಹೇಳಿದೆ. ಬೋಗುಣಿ ನೆಕ್ಕಿದ್ದನ್ನು ಮಾತ್ರ ಎರಡು ಸಲ ಹೇಳಿದೆ.