ಕಿಟಕಿಯಿಂದ ಬರಲೊಲ್ಲದ ಹೆಂಡತಿಯ ಸಲುವಾಗಿ ಬಾಗಿಲು ಬಿಡಿಸಿಕೊಡುವ ಬಗ್ಗೆ

ಇಂದ,
ರೇನ್‌ಕೋಟ್ ಹೊಲಿಯುವ ದರ್ಜಿ,
ತಗ್ಗಿನ ಬೀದಿ
(ಮನೆಗೆ ಸದ್ಯ ಬಾಗಿಲಿಲ್ಲ. ಓಣಿಯ ಕಿಟಕಿಯಲ್ಲಿ ಕೂಗಿದರೆ ಸಾಕು.)

ಗೆ,
ಮುಖ್ಯಾಧಿಕಾರಿಗಳು,
ನೆರೆ ತಡೆ ವಿಭಾಗ

ವಿಷಯ: ಅರ್ಜಿದಾರನ ಸ್ವಂತ ಬಾಗಿಲಿನ ಮುಂದಿನ ಮರಳು ಚೀಲಗಳನ್ನು ತೆಗೆಯಲು ಅನುಮತಿ ಕೋರಿ.

ಉಲ್ಲೇಖ: 1. ಸದರಿ ಚೀಲಗಳ ಮೇಲೆ ತಮ್ಮ ಇಂಜಿನಿಯರ್ ಸಾಹೇಬರು ನೇತುಹಾಕಿಸಿದ ಬೋರ್ಡು.
2. ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

1. ನೆರೆ ಬರುವ ಸೂಚನೆ ಸಿಕ್ಕಾಗ ತಮ್ಮ ಕಚೇರಿಯು ಬೀದಿಗೆ ಮರಳನ್ನೂ ಗೋಣಿಚೀಲಗಳನ್ನೂ ಹಂಚಿತು. ಗೋಣಿಯ ಸಡಿಲ ಹೊಲಿಗೆಯನ್ನು ನೋಡಿ ಅರ್ಜಿದಾರನಿಗೆ ಮೈಯೆಲ್ಲ ಉರಿಯಿತು. ಆದಕಾರಣ ಮರಳನ್ನು ಮಾತ್ರ ಇಟ್ಟುಕೊಂಡು, ಅಂಗಡಿಯಲ್ಲಿ ಉಳಿದಿದ್ದ ರೇನ್‌ಕೋಟ್ ಬಟ್ಟೆಯಲ್ಲಿ ತಾನೇ ಚೀಲಗಳನ್ನು ಎರಡೆರಡು ಹೊಲಿಗೆ ಹಾಕಿ ತಯಾರಿಸಿದ. ಸಾಲು ನೆಟ್ಟಗೆ ಬಂದ ಖುಷಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಬಾಗಿಲಿನ ನೆತ್ತಿಯವರೆಗೂ ಪೇರಿಸಿ, ಕಿಟಕಿಯಿಂದ ಒಳಗಿಳಿದ.

2. ಆ ಸಮಯದಲ್ಲಿ ಹೆಂಡತಿಯು, "ನೀರು ಬಾಗಿಲು ತಟ್ಟಿಯೇ ಬರುತ್ತೆ ಅಂತ ಯಾರು ಹೇಳಿದ್ರು ರೀ? ಬಚ್ಚಲಲ್ಲಿ ಗುಳುಗುಳು ಅಂತಿದೆ, ಅಲ್ಲೊಂದು ಚೀಲ ಇಡಿ" ಎಂದಳು. ಒಂದು ಚೀಲ ತೆಗೆದರೆ ಮೇಲಿನ ಸಾಲು ಬೋಳಾಗಿ ಕಾಣುವುದರಿಂದ ಸದರಿ ಸಲಹೆಯನ್ನು ಪರಿಶೀಲನೆಯಲ್ಲಿ ಇಡಲಾಯಿತು.

3. ನೀರು ಬಚ್ಚಲಿನಿಂದ ಬಂತು.

4. ಚೀಲಗಳದು ಏನೂ ತಪ್ಪಿಲ್ಲ. ಒಂದು ಹನಿಯನ್ನೂ ದಾಟಲು ಬಿಡಲಿಲ್ಲ. ಬಚ್ಚಲಿನ ತೂಬಿಗೂ ಕೆಸರು ಕಟ್ಟಿಕೊಂಡಿತ್ತು. ಆದ್ದರಿಂದ ಬೀದಿಯ ನೀರೆಲ್ಲ ಇಳಿದು ಅಕ್ಕಪಕ್ಕದವರು ನೆಲ ಒರೆಸುತ್ತಿದ್ದಾಗಲೂ ಅರ್ಜಿದಾರನ ಮನೆ ಮಾತ್ರ ತೊಟ್ಟಿಯಂತೆ ತುಂಬಿಕೊಂಡೇ ಇತ್ತು.

5. ಆಗಲೇ ಇಂಜಿನಿಯರ್ ಸಾಹೇಬರು ತಪಾಸಣೆಗೆ ಬಂದರು. ಹೊರಗಿನಿಂದ ಚೀಲಗಳ ಗೋಡೆ ಒಣಗಿತ್ತು. ಅದರ ಹೊಲಿಗೆಯನ್ನು ಸವರಿ ನೋಡಿ ಸಂತೋಷಪಟ್ಟರು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಅರ್ಜಿದಾರ ಕಿಟಕಿಯಿಂದ ಎರಡೂ ಕೈ ಬೀಸಿದ. ಅದನ್ನು ಕೃತಜ್ಞತೆಯೆಂದು ತಿಳಿದು ಅವರೂ ಕೈ ಬೀಸಿದರು. ನಂತರ "ಮಾದರಿ ತಡೆಗೋಡೆ. ಕಚೇರಿಯ ಸ್ವತ್ತು. ಮುಟ್ಟಬಾರದು" ಎಂಬ ಬೋರ್ಡು ಹಾಕಿಸಿ ಹೋದರು.

6. ಹೆಂಡತಿಯು ಬಕೆಟ್ಟಿನಿಂದ ನೀರು ಎತ್ತಿ ಎತ್ತಿ ಕಿಟಕಿಯಾಚೆ ಚೆಲ್ಲಿದಳು. ನೆಲ ಕಂಡ ಮೇಲೆ ಬಕೆಟ್ಟನ್ನು ಅರ್ಜಿದಾರನ ಕೈಗೆ ಕೊಟ್ಟು, ತಾನೂ ಅದೇ ಕಿಟಕಿಯಿಂದ ಇಳಿದು, ತನ್ನ ತಂಗಿಯ ಮನೆಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಈ ಅರ್ಜಿಯ ಅಗತ್ಯವೇ ಬೀಳುತ್ತಿರಲಿಲ್ಲ.

7. ಅರ್ಜಿದಾರ ಹೋಗಿ ಕರೆದಾಗ ಅವಳು ಕೊಟ್ಟ ಉತ್ತರ: "ಈ ಮನೆಗೆ ನಾನು ಬಾಗಿಲಿಂದ ಬಂದವಳು. ಕಿಟಕಿ ಹತ್ತಿ ಬರೋಕೆ ನಾನೇನು ಬೆಕ್ಕಾ?" ಇದರಲ್ಲಿ ಅರ್ಜಿದಾರನಿಗೆ ತಪ್ಪೇನೂ ಕಾಣಲಿಲ್ಲ.

8. ಆದಕಾರಣ ತಮ್ಮ ಕಚೇರಿಗೆ ಬಂದು ವಿಚಾರಿಸಲಾಗಿ, ಗುಮಾಸ್ತರು ಕಡತ ತಿರುವಿ, "ಅಲ್ಲಿ ಗೋಡೆ ಇದೆ ಅಂತಿದೆ. ಬಾಗಿಲು ಇದೆ ಅಂತ ಎಲ್ಲೂ ಇಲ್ವಲ್ಲ" ಎಂದರು. ಮರಳು ಕಚೇರಿಯದು, ಬಟ್ಟೆ ಮತ್ತು ದಾರ ಮಾತ್ರ ಅರ್ಜಿದಾರನದು ಎಂದೂ ವಿವರಿಸಿದರು. ಹೊಲಿಗೆ ಬಿಚ್ಚಿಕೊಳ್ಳಲು ಅಡ್ಡಿಯಿಲ್ಲವಂತೆ, ಮರಳು ಅಲುಗಬಾರದಂತೆ.

9. ಮನೆಯಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅರ್ಜಿದಾರ ಹೊಲಿಗೆ ಯಂತ್ರದ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡು ಹೂಂ ಅನ್ನುತ್ತಿದ್ದ. ಈಗ ಯಂತ್ರ ನಿಲ್ಲಿಸಿ ಕಿವಿಗೊಟ್ಟರೂ ಬಚ್ಚಲಿನ ಗುಳುಗುಳು ಬಿಟ್ಟು ಏನೂ ಕೇಳುವುದಿಲ್ಲ. ಇದರಿಂದ ಅರ್ಜಿದಾರನಿಗೆ ಬಹಳ ಸಂಕಟವಾಗಿದೆ. ಈ ಅಂಶವು ನಿಯಮಾವಳಿಯ ಯಾವ ಕಲಮಿಗೂ ಬರುವುದಿಲ್ಲವೆಂದು ಗೊತ್ತಿದ್ದೂ ನಮೂದಿಸಲಾಗಿದೆ.

ಆದ್ದರಿಂದ ತಾವು ದಯಮಾಡಿ ಚೀಲಗಳನ್ನು ತೆಗೆಯಲು ಅನುಮತಿ ಕೊಡಬೇಕು. ಅದಕ್ಕೆ ಅವಕಾಶವಿಲ್ಲವಾದರೆ, ಓಣಿಯ ಕಿಟಕಿಯನ್ನೇ ಇನ್ನು ಮುಂದೆ ಬಾಗಿಲೆಂದು ಪರಿಗಣಿಸತಕ್ಕದ್ದೆಂದು ಮೊಹರು ಹಾಕಿದ ಆದೇಶ ಹೊರಡಿಸಬೇಕು.

ತಮ್ಮ ಗೋಡೆಯ ಹಿಂದಿನ ವಿಶ್ವಾಸಿ,
ದರ್ಜಿ

ಲಗತ್ತುಗಳು:
1. ಬಾಗಿಲಿನ ಫೋಟೋ (ಬಾಗಿಲು ಕಾಣುವುದಿಲ್ಲ).
2. ಬಚ್ಚಲಿಗೆಂದು ಈಗ ಹೊಲಿದಿರುವ ಒಂದು ಚೀಲ, ಖಾಲಿ. ಮರಳು ತುಂಬಿಸಿ ವಾಪಸು ಕೊಡುವುದು.
3. ಹೆಂಡತಿಯ ಒಪ್ಪಿಗೆ ಪತ್ರ: ಇನ್ನೂ ಸಿಕ್ಕಿಲ್ಲ.

ವಿ.ಸೂ.: ಆದೇಶವನ್ನು ಅರ್ಜಿದಾರನ ವಿಳಾಸಕ್ಕೆ ಕಳುಹಿಸಬಾರದೆಂದು ವಿನಂತಿ. ನೇರವಾಗಿ ನಾದಿನಿಯ ಮನೆಗೆ ಕಳುಹಿಸಿ, ಅರ್ಜಿದಾರನ ಹೆಂಡತಿಯ ಕೈಗೇ ಕೊಡಿಸುವುದು. ಅಲ್ಲಿ ಬಾಗಿಲಿದೆ.